ಯಂತ್ರಾಪುರದಿಂದ ಬಿಡದಿಗೆ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಒಂದು ಅಡ್ಡಬೀದಿಯಲ್ಲಿ ಚಿಕ್ಕದೊಂದು ಲೇತ್ ಶಾಪ್ ಇದೆ. ಹೋದ ಬೇಸಿಗೆಯಲ್ಲಿ ನೆಂಟರೊಬ್ಬರ ಟ್ರ್ಯಾಕ್ಟರಿನ ಮುಂದಿನ ಗಾಲಿಯ ಬುಶ್ ಸವೆದಿತ್ತು. ಹೊಸ ಬುಶ್ ಬರಲು ಒಂದು ವಾರವಾದರೂ ಬೇಕು ಎಂದು ತಿಳಿದಾಗ ಅವರು ಸವೆದದ್ದನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಆ ಶಾಪಿಗೆ ಹೊರಟರು. ಸುಮ್ಮನೆ ಜೊತೆಗೆ ನಾನೂ ಹೋದೆ. ಅರವತ್ತು ದಾಟಿದ ಟರ್ನರ್ ಬುಶ್ಶನ್ನು ಬೆರಳಲ್ಲಿ ತಿರುಗಿಸಿ ನೋಡಿದರು, ವರ್ನಿಯರ್ ಹಿಡಿದು ಎರಡು ಅಳತೆಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು, ಮೂಲೆಯಲ್ಲಿದ್ದ ಗನ್‌ಮೆಟಲ್ ತುಂಡೊಂದನ್ನು ಆರಿಸಿ ಚಕ್ಕಿಗೆ ಕಚ್ಚಿಸಿದರು. ಯಂತ್ರ ತಿರುಗತೊಡಗಿದಾಗ ನನ್ನ ಕಣ್ಣು ಅದರ ಮೈಮೇಲಿದ್ದ ಫಲಕದತ್ತ ಹೋಯಿತು. ಎಣ್ಣೆ, ಧೂಳು, ಎರಡು ಮೂರು ಸಲ ಬಳಿದ ಹಸಿರು ಬಣ್ಣ ಇವುಗಳ ಅಡಿಯಲ್ಲಿ ಅಕ್ಷರಗಳು ಇನ್ನೂ ಓದಲು ಬರುತ್ತಿದ್ದವು: ಮೈಸೂರ್ ಕಿರ್ಲೋಸ್ಕರ್ ಲಿಮಿಟೆಡ್, ಹರಿಹರ.

ನಾನು ನೋಡುತ್ತಿದ್ದುದನ್ನು ಅವರು ಗಮನಿಸಿದರು. "ಹರಿಹರದ ಮಾಲು ಸರ್ ಇದು. ನಾನು ಕೆಲಸಕ್ಕೆ ಸೇರಿದಾಗ್ಲೇ ಇತ್ತು. ನಾನು ಹೋದ್ಮೇಲೂ ಇರ್ತತಿ" ಎಂದರು.

ಆ ಫಲಕ ತಯಾರಾದ ಕಾರ್ಖಾನೆ ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಈಗ ಇಲ್ಲ. ಮೋಟಾರು ವಾಹನಗಳ ಬಿಡಿಭಾಗಗಳ ಉದ್ಯಮ ಕರ್ನಾಟಕದಲ್ಲಿ ಬೆಳೆದ ಬಗೆಯನ್ನು ಓದುತ್ತಿದ್ದ ನಾನು ಅಲ್ಲಿಯವರೆಗೆ ಬೆಂಗಳೂರು, ಮೈಸೂರು, ಬಿಡದಿಗಳ ಸುತ್ತಲೇ ಸುತ್ತುತ್ತಿದ್ದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಗೆ ಬಂದ ಮೈಕೋ, 1981ರಲ್ಲಿ ಮೈಸೂರಿನಲ್ಲಿ ಶುರುವಾದ ಆಟೋಮೋಟಿವ್ ಆ್ಯಕ್ಸಲ್ಸ್, ಹೀಗೆ. ಹರಿಹರ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಇರಬೇಕಿತ್ತು ಎಂದು ಅಂದು ಅನ್ನಿಸಿತು.

ಹರಿಹರ ಎಂದರೆ ನಮ್ಮಲ್ಲಿ ಓದುವ ಬರೆಯುವ ಮಂದಿಗೆ ನೆನಪಾಗುವುದು ಎರಡು ಸಂಗತಿ. ಒಂದು, ಹೊಯ್ಸಳರ ಕಾಲದಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ. ಇನ್ನೊಂದು, ಹೊಳೆಯಾಚೆಯ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ, ತುಂಗಭದ್ರೆಯ ಮಾಲಿನ್ಯ, ಎಂಬತ್ತರ ದಶಕದ ಚಳವಳಿಗಳು. ಆ ಹೋರಾಟದ ಬಗ್ಗೆ ಬರೆದವರು ಬಹಳ, ಅದು ಸರಿಯೂ ಹೌದು. ಆದರೆ ಅದರ ಗದ್ದಲದಲ್ಲಿ ಈಚೆ ದಂಡೆಯ ಲೇತುಗಳು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಜಗಳವಿಲ್ಲದ ಕಾರ್ಖಾನೆಗೆ ಚರಿತ್ರೆಕಾರ ಸಿಗುವುದು ಕಷ್ಟ.

ಈ ಕಥೆಯ ಮೊದಲ ಮನುಷ್ಯ ಕನ್ನಡ ನಾಡಿನವನೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲು ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಒಂದೇ ಸಣ್ಣ ಊರಿನಿಂದ ಒಬ್ಬ ನಾಟಕಕ್ಕೆ, ಇನ್ನೊಬ್ಬ ಕಬ್ಬಿಣಕ್ಕೆ ಹೋದ. ಲಕ್ಷ್ಮಣರಾಯರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರು. ಸಿಗಬೇಕಾದ ಬಡ್ತಿ ಬೇರೆಯವರ ಪಾಲಾಯಿತೆಂದು ಕೆಲಸ ಬಿಟ್ಟು ಬೆಳಗಾವಿಗೆ ಬಂದು ಅಣ್ಣನೊಂದಿಗೆ ಸೈಕಲ್ ವ್ಯಾಪಾರಕ್ಕೆ ನಿಂತರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಅದಾದ ಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ಅಂಜಿಕೆ ರೈತರಲ್ಲಿತ್ತು, ಮೊದಲ ನೇಗಿಲುಗಳು ಮಾರಾಟವಾಗದೆ ವರ್ಷಗಟ್ಟಲೆ ಉಳಿದವು. ಬೆಳಗಾವಿಯಲ್ಲಿ ಅವರ ಕಾರ್ಖಾನೆಯಿದ್ದ ಜಾಗವನ್ನು ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರು ಜಮೀನು, ಸಾಲ ಎರಡನ್ನೂ ಕೊಟ್ಟರು. 1910ರಲ್ಲಿ ಕಳ್ಳಿ ಬೆಳೆದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಬೆಳಗಾವಿಯಲ್ಲಿ ಈಗ ಉಳಿದಿರುವುದು ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು.

ಇಲ್ಲಿ ಒಂದು ಮಾತು ಸೇರಿಸಬೇಕು. ಕಿರ್ಲೋಸ್ಕರವಾಡಿಯಲ್ಲಿ ನೇಗಿಲು, ಪಂಪುಗಳಷ್ಟೇ ತಯಾರಾಗಲಿಲ್ಲ. 1920ರಲ್ಲಿ ಮನೆತನದ ಶಂಕರರಾಯರು ಅಲ್ಲಿಂದ ಶುರುಮಾಡಿದ ಪತ್ರಿಕೆ 'ಕಿರ್ಲೋಸ್ಕರ್' ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. 1930ರಲ್ಲಿ 'ಸ್ತ್ರೀ' ಬಂತು. ಮರಾಠಿಯ ಒಂದು ಇಡೀ ತಲೆಮಾರಿನ ಓದುಗರನ್ನು ಈ ಪತ್ರಿಕೆಗಳು ಬೆಳೆಸಿದವು. ನೇಗಿಲಿನ ಜಾಹೀರಾತು ಮಾಡಹೊರಟವರು ಒಂದು ಸಮಾಜ ಸುಧಾರಣೆಯ ವೇದಿಕೆ ಕಟ್ಟಿಬಿಟ್ಟರು. ಹರಿಹರದ ಲೇತುಗಳ ಕಥೆ ಹುಡುಕುವವನ ಕೈಗೆ ಅಂಥದೊಂದು ಕನ್ನಡ ಪತ್ರಿಕೆಯ ಕಟ್ಟು ಸಿಕ್ಕಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಕಿರ್ಲೋಸ್ಕರವಾಡಿಯಿಂದ ಹರಿಹರಕ್ಕೆ ಹೇಗೆ ಬಂದರು? ನಕಾಶೆಯ ಮೇಲೆ ಹಳೆಯ ಮೀಟರ್ ಗೇಜ್ ಹಳಿಯನ್ನು ಬೆರಳಿನಿಂದ ಹಿಂಬಾಲಿಸಿದರೆ ಅರ್ಧ ಉತ್ತರ ಸಿಗುತ್ತದೆ. ಪುಣೆ, ಕಿರ್ಲೋಸ್ಕರವಾಡಿ, ಮೀರಜ್, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ಹಾವೇರಿ, ಹರಿಹರ, ದಾವಣಗೆರೆ, ಬೆಂಗಳೂರು. ಲಕ್ಷ್ಮಣರಾಯರ ಬದುಕಿನ ಬಹುಪಾಲು ಈ ಒಂದೇ ಹಳಿಯ ಆಜುಬಾಜಿನಲ್ಲಿ ಕಳೆಯಿತು. ಈ ಹಳಿ ಬ್ರಿಟಿಷ್ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ಸಂಸ್ಥಾನಕ್ಕೆ ಕಾಲಿಡುವ ಜಾಗವೇ ಹರಿಹರ. ಹೊಳೆಯ ಆಚೆಗೆ ರಾಣೆಬೆನ್ನೂರು, ಅದು ಧಾರವಾಡ ಜಿಲ್ಲೆ. ಈಚೆಗೆ ಮೈಸೂರು. ಸೇತುವೆ ದಾಟಿದ ಮೊದಲ ಊರಿನಲ್ಲೇ ಕಾರ್ಖಾನೆ ನಿಂತಿತು. ನೀರು ಇತ್ತು, ರೈಲು ಇತ್ತು, ಬೀಡು ಕಬ್ಬಿಣ ಕರಗಿಸುವ ಭದ್ರಾವತಿ ಹೆಚ್ಚು ದೂರವಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕೈಗಾರಿಕೆಗೆ ತಾನೇ ಪಾಲುದಾರನಾಗಿ ನಿಲ್ಲುವ ಒಂದು ಸರ್ಕಾರ ಇತ್ತು.

ಆ ಸರ್ಕಾರ ಅದೇ ಹೊತ್ತಿನಲ್ಲಿ ಇನ್ನೂ ದೊಡ್ಡದೊಂದನ್ನು ಕೈಬಿಡಬೇಕಾಗಿ ಬಂದಿತ್ತು. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು ಭಾರತದಲ್ಲೇ ಕಾರು ಮಾಡುವ ಯೋಜನೆ ಸಿದ್ಧಪಡಿಸಿದ್ದರು. ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಜೊತೆ ಮಾತು ಮುಗಿಸಿದರು. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಬೇಕೆಂಬ ಮಾತಿತ್ತು, ಸಂಸ್ಥಾನ ನೆರವಾಗಲು ಮನಸ್ಸು ಮಾಡಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ವಾಲಚಂದರು ಮೈಸೂರಿನ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಯುದ್ಧಕ್ಕೆ ವಿಮಾನ ಬೇಕಿತ್ತಲ್ಲ. ಅವರ ಕಾರು ಕಾರ್ಖಾನೆ, ಪ್ರೀಮಿಯರ್ ಆಟೋಮೊಬೈಲ್ಸ್, 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಮೈಸೂರಿನ ನೆಲಕ್ಕೆ ದೊಡ್ಡ ಕಾರು ಕಾರ್ಖಾನೆ ಬರಲು ಇನ್ನೂ ಸುಮಾರು ಅರವತ್ತು ವರ್ಷ ಕಾಯಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಾರು ಬರಲಿಲ್ಲ, ಲೇತು ಬಂತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಯುದ್ಧದಿಂದಾಗಿ ಇಂಗ್ಲೆಂಡಿನ ಯಂತ್ರಗಳು ಬರುವುದು ನಿಂತಿದ್ದ ಕಾಲ, ದೇಶದಲ್ಲಿ ತಯಾರಾದ ಪ್ರತಿ ಲೇತಿಗೂ ಗಿರಾಕಿ ಕಾದಿದ್ದ. ಬೆಂಗಳೂರಿನ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಅಂದರೆ ಇದಕ್ಕಿಂತ ಹನ್ನೆರಡು ವರ್ಷ ತಡವಾಗಿ. ಆದರೂ ಕರ್ನಾಟಕದ ಯಂತ್ರೋಪಕರಣ ಉದ್ಯಮ ಎಂದಕೂಡಲೆ ಎಲ್ಲರೂ ಹೇಳುವುದು ಎಚ್‌ಎಂಟಿಯನ್ನು. ಗಡಿಯಾರ ಕೈಯಲ್ಲಿರುತ್ತದೆ, ಲೇತು ಶೆಡ್ಡಿನೊಳಗಿರುತ್ತದೆ. ಅದೂ ಒಂದು ಕಾರಣವಿರಬಹುದು.

ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂದು ಹೆಸರಾಯಿತು. ಅಂಚೆಯ ವಿಳಾಸವೂ ಅದೇ. ನಮ್ಮಲ್ಲಿ ಪುರಗಳಿಗೆ ರಾಜರ, ರಾಣಿಯರ, ದೇವರ ಹೆಸರಿವೆ. ಯಂತ್ರದ ಹೆಸರಿನ ಪುರ ನನಗೆ ತಿಳಿದ ಮಟ್ಟಿಗೆ ಇದೊಂದೇ.

ಲೇತು ಎಂದರೇನು ಎಂದು ತಿಳಿಯದ ಓದುಗರಿಗಾಗಿ ಸ್ವಲ್ಪ ನಿಲ್ಲುತ್ತೇನೆ. ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದಂತೆ ಎಂದುಕೊಳ್ಳಿ. ಎಡಗಡೆಯ ತಲೆಯಲ್ಲಿರುವ ಚಕ್ ಲೋಹದ ತುಂಡನ್ನು ಹಿಡಿದು ತಿರುಗಿಸುತ್ತದೆ, ಉಳಿ ಅದರ ಪಕ್ಕದಲ್ಲಿ ನೇರ ಗೆರೆಯಲ್ಲಿ ಚಲಿಸುತ್ತ ಸಿಪ್ಪೆ ತೆಗೆಯುತ್ತದೆ. ಗುಟ್ಟು ಇರುವುದು ಆ 'ನೇರ ಗೆರೆ'ಯಲ್ಲಿ. ಉಳಿ ಹೊತ್ತ ಗಾಡಿ ಸಾಗುವ ಹಾಸು, ಅಂದರೆ ಬೆಡ್, ಕೂದಲೆಳೆಯಷ್ಟು ಬಾಗಿದ್ದರೂ ತಿರುವಿದ ಶಾಫ್ಟ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತದೆ. ಈ ಹಾಸನ್ನು ಎರಕ ಹೊಯ್ದ ಕೂಡಲೆ ಕೊರೆದು ನುಣುಪು ಮಾಡಿದರೆ ಆಗದು. ಆರುವಾಗ ಎರಕದೊಳಗೆ ಸೆಳೆತ ಉಳಿದಿರುತ್ತದೆ, ಅದು ನಿಧಾನವಾಗಿ ಬಿಡುತ್ತ ಹಾಸನ್ನು ಬಗ್ಗಿಸುತ್ತದೆ. ಅದಕ್ಕೇ ಹಳೆಯ ಕಾರ್ಖಾನೆಗಳಲ್ಲಿ ಎರಕಗಳನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಡುತ್ತಿದ್ದರು. ಉಪ್ಪಿನಕಾಯಿ ಮಾಗಿದಂತೆ ಕಬ್ಬಿಣವೂ ಮಾಗಬೇಕು. ಕೊನೆಗೆ ಕೈಯಲ್ಲಿ ಸ್ಕ್ರೇಪರ್ ಹಿಡಿದ ಕೆಲಸಗಾರ ನೀಲಿ ಬಣ್ಣ ಹಚ್ಚಿ, ಉಬ್ಬು ಎಲ್ಲಿದೆ ನೋಡಿ, ಅಷ್ಟಷ್ಟೇ ಕೆರೆದು ಮಟ್ಟ ಮಾಡುತ್ತಿದ್ದ. ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕ ಅದು. ಈ ಕೈಕೆಲಸ ಬಲ್ಲ ಒಂದು ಪಡೆಯನ್ನೇ ಹರಿಹರ ಬೆಳೆಸಿತು.

ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಹರಿಹರದ ಲೇತುಗಳು ದೇಶದ ತುಂಬ ಹೋದವು. ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಮೊದಲ ಸಲ ಲೋಹ ತಿರುವಿದ ಎಷ್ಟೋ ಹುಡುಗರ ಮುಂದೆ ಇದ್ದದ್ದು ಇವೇ. ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ತೆರೆದದ್ದು 1951ರಲ್ಲಿ, ಕಾರ್ಖಾನೆಗೆ ಹತ್ತು ವರ್ಷವಾದಾಗ. ಹತ್ತಿ ಗಿರಣಿಗಳ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದವರು ಪಕ್ಕದ ಹರಿಹರಕ್ಕೆ ಅಂಥ ಬಿರುದೇನನ್ನೂ ಕೊಡಲಿಲ್ಲ. ಆದರೆ ಗಿರಣಿಯ ಯಂತ್ರ ಕೆಟ್ಟರೆ ರಿಪೇರಿಗೆ ಬೇಕಾಗುತ್ತಿದ್ದುದು ಲೇತೇ.

ಇನ್ನು ಪಿ.ಬಿ. ರಸ್ತೆ. ಪುಣೆ–ಬೆಂಗಳೂರು ಹೆದ್ದಾರಿ ಆಗ ದಾವಣಗೆರೆಯ ಹೊಟ್ಟೆಯೊಳಗಿಂದಲೇ ಹೋಗುತ್ತಿತ್ತು. ಲಾರಿಗಳು ನಿಲ್ಲುತ್ತಿದ್ದವು, ನಿಂತಲ್ಲಿ ಗ್ಯಾರೇಜ್ ಹುಟ್ಟುತ್ತಿತ್ತು, ಗ್ಯಾರೇಜಿನ ಪಕ್ಕ ಲೇತ್ ಶಾಪ್ ಬರುತ್ತಿತ್ತು. ವಾಹನದ ಬಿಡಿಭಾಗಗಳ ಪೂರೈಕೆ ಎಂದರೆ ದೊಡ್ಡ ಕಂಪನಿ, ಡೀಲರ್, ಪೆಟ್ಟಿಗೆಯಲ್ಲಿ ಬಂದ ಮಾಲು ಎಂದು ನಾವೀಗ ತಿಳಿಯುತ್ತೇವೆ. ಲೈಸೆನ್ಸ್ ಮತ್ತು ಅಭಾವದ ಆ ದಶಕಗಳಲ್ಲಿ ಲಾರಿಯನ್ನು ರಸ್ತೆಯ ಮೇಲೆ ಇಟ್ಟವನು ಬಹುಮಟ್ಟಿಗೆ ಟರ್ನರ್. ಕಿಂಗ್‌ಪಿನ್ ಬುಶ್ ಸವೆದರೆ ತಿರುವಿ ಕೊಡುತ್ತಿದ್ದ. ಬ್ರೇಕ್ ಡ್ರಮ್ ಗೀರುಬಿದ್ದರೆ ಒಳಮೈಯ ಒಂದು ಪದರ ತೆಗೆದು ಕೊಡುತ್ತಿದ್ದ. ಪಾಟಾದ ಪಿನ್ನು, ಶಾಫ್ಟಿನ ಮರೆ, ಮುರಿದ ಬೋಲ್ಟು, ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲ. ಕರ್ನಾಟಕದ ಮೊದಲ ಆಟೋ ಬಿಡಿಭಾಗ ತಯಾರಕರ ಪಟ್ಟಿ ಮಾಡುವವರು ಇವರನ್ನೂ ಸೇರಿಸಬೇಕು ಎನ್ನುವುದು ನನ್ನ ವಾದ. ಇವರಿಗೆ ಬ್ರ್ಯಾಂಡ್ ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ, ಪೇಟೆಂಟ್ ಮೊದಲೇ ಇಲ್ಲ. ಕಪಾಟಿನಲ್ಲಿ ಇಟ್ಟ ಮಾಲನ್ನು ಇವರು ಮಾರಲಿಲ್ಲ, ಎದುರಿಗೆ ಬಂದ ಗಾಡಿಗೆ ಅಳೆದು ಮಾಡಿದರು.

ಈ ಪದ್ಧತಿಯ ಬಲವೂ ಮಿತಿಯೂ ಒಂದೇ ಕಡೆ ಇತ್ತು. ಕೈನೈಪುಣ್ಯದ ಟರ್ನರ್ ಒಂದು ಬುಶ್ಶನ್ನು ಅಚ್ಚುಕಟ್ಟಾಗಿ ಮಾಡಬಲ್ಲ. ಕಾರು ಕಂಪನಿಗೆ ಬೇಕಾದದ್ದು ಹತ್ತು ಸಾವಿರ ಬುಶ್, ಹತ್ತು ಸಾವಿರವೂ ಒಂದೇ ಅಳತೆ. ಅದಕ್ಕೆ ಕಂಪ್ಯೂಟರ್ ನಿಯಂತ್ರಣದ ಸಿಎನ್‌ಸಿ ಯಂತ್ರ ಬೇಕು. ಬೆಂಗಳೂರಿನ ಪೀಣ್ಯದಲ್ಲಿ ಏಸ್ ಡಿಸೈನರ್ಸ್‌ನಂಥ ಕಂಪನಿಗಳು ಸಿಎನ್‌ಸಿ ಲೇತುಗಳ ಮೇಲೆಯೇ ಬೆಳೆದವು. 1991ರ ಉದಾರೀಕರಣದ ನಂತರ ಹೊರದೇಶದ ಯಂತ್ರಗಳ ಬಾಗಿಲೂ ತೆರೆಯಿತು. ಸಾಮಾನ್ಯ ಲೇತುಗಳ ಮೇಲೆ ನಿಂತಿದ್ದ ಹಳೆಯ ಕಾರ್ಖಾನೆಗಳಿಗೆಲ್ಲ ಇದರ ಪೆಟ್ಟು ಬಿತ್ತು. ಎಚ್‌ಎಂಟಿ ಸರ್ಕಾರದ ಕೂಸಾದ್ದರಿಂದ ಕುಂಟುತ್ತ ಬಹಳ ದಿನ ಉಳಿಯಿತು. ಮೈಸೂರು ಕಿರ್ಲೋಸ್ಕರ್ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ನಿಂತುಹೋಯಿತು, ಕಂಪನಿಯ ಸಮಾಪನ ಹೈಕೋರ್ಟಿನ ಮುಂದೆ ಬಂತು. ಅರವತ್ತು ವರ್ಷ ಒಂದು ಊರಿನ ಹೊತ್ತನ್ನು ಗೊತ್ತುಮಾಡಿದ ಕಾರ್ಖಾನೆ ನಿಂತರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ದಾವಣಗೆರೆಯ ಗಿರಣಿಗಳು ಮುಚ್ಚಿದ್ದನ್ನು ಕಂಡ ಜಿಲ್ಲೆ ಇದು.

ಈಗ ಬಿಡದಿಗೆ ಬರೋಣ. ಹರಿಹರದಲ್ಲಿ ದೀಪ ಸಣ್ಣದಾಗುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಹೆಸರು, ಬೆಂಗಳೂರಿನ ದಕ್ಷಿಣಕ್ಕೆ ಹೊಸ ಫಲಕಗಳ ಮೇಲೆ ಕಾಣಿಸಿಕೊಂಡಿತು. ಮೈಸೂರು ಕಿರ್ಲೋಸ್ಕರನ್ನು ಮುನ್ನಡೆಸಿದ್ದ, ಮನೆತನದ ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಜಪಾನಿನ ಟೊಯೋಟಾ ಬಳಗದ ಜೊತೆ ಕೈಜೋಡಿಸಿದರು. ಮೊದಲು ಬಂದದ್ದು ಕಾರಲ್ಲ. 1995ರಲ್ಲಿ ನೂಲುವ ಯಂತ್ರಗಳಿಗಾಗಿ ಕಿರ್ಲೋಸ್ಕರ್ ಟೊಯೋಡಾ ಎಂಬ ಕಂಪನಿ ಬೆಂಗಳೂರಿನ ಬಳಿಯ ಜಿಗಣಿಗೆ ಬಂತು. ಇದು ವಿಚಿತ್ರವೆನಿಸಿದರೆ ಟೊಯೋಟಾದ ಸ್ವಂತ ಚರಿತ್ರೆ ನೋಡಬೇಕು. ಸಾಕಿಚಿ ಟೊಯೋಡಾ ಮಗ್ಗ ಮಾಡುತ್ತಿದ್ದವನು. 1926ರಲ್ಲಿ ಮಗ್ಗದ ಕಾರ್ಖಾನೆ, 1933ರಲ್ಲಿ ಅದರೊಳಗೆ ಒಂದು ಮೋಟಾರು ವಿಭಾಗ, 1937ರಲ್ಲಿ ಬೇರೆಯಾಗಿ ಟೊಯೋಟಾ ಮೋಟಾರ್. ಎಳೆಯಿಂದ ಗಾಲಿಗೆ ಬಂದ ಮನೆತನ ಅದು. ಇತ್ತ ಕಿರ್ಲೋಸ್ಕರರು ಸೈಕಲಿನಿಂದ ನೇಗಿಲಿಗೆ, ನೇಗಿಲಿನಿಂದ ಲೇತಿಗೆ ಬಂದವರು.

1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು, 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ಹೊರಬಂತು. ವಿಶ್ವೇಶ್ವರಯ್ಯನವರ ಕಾರು, ಅವರು ಎಣಿಸಿದ ರೂಪದಲ್ಲಿ ಅಲ್ಲದಿದ್ದರೂ, ಹಳೇ ಮೈಸೂರಿನ ನೆಲ ಮುಟ್ಟಿತು. ಇದರಲ್ಲಿ ಕಿರ್ಲೋಸ್ಕರರ ಪಾಲು ಮುಂದೆ ಶೇ. 11ಕ್ಕೆ ಇಳಿಯಿತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಪಕ್ಕದಲ್ಲೇ 2002ರಲ್ಲಿ ಶುರುವಾದ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್. ಮೊದಲು ಆ್ಯಕ್ಸಲ್ ಮತ್ತು ಪ್ರೊಪೆಲ್ಲರ್ ಶಾಫ್ಟ್, 2004ರಿಂದ ಮ್ಯಾನುಯಲ್ ಗೇರ್‌ಬಾಕ್ಸ್. ಟೊಯೋಟಾ ಆಗ ಒಂದೇ ಬಗೆಯ ಅಡಿಗಟ್ಟಿನ ಮೇಲೆ ಇನ್ನೋವಾ, ಹೈಲಕ್ಸ್, ಫಾರ್ಚುನರ್‌ಗಳನ್ನು ಹಲವು ದೇಶಗಳಲ್ಲಿ ಜೋಡಿಸುವ ಯೋಜನೆ ಹಾಕಿತ್ತು. ಡೀಸೆಲ್ ಎಂಜಿನ್ ಥಾಯ್ಲೆಂಡಿನಿಂದ, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದಿಂದ, ಗೇರ್‌ಬಾಕ್ಸ್ ಭಾರತ ಮತ್ತು ಫಿಲಿಪ್ಪೀನ್ಸ್‌ನಿಂದ. ಭಾರತ ಎಂದರೆ ಇಲ್ಲಿ ಬಿಡದಿ. ರಾಮನಗರದ ಬಂಡೆಗಳ ನಡುವೆ ತಯಾರಾದ ಗೇರುಗಳು ಪರದೇಶದ ರಸ್ತೆಗಳಲ್ಲಿ ತಿರುಗತೊಡಗಿದವು. ಜಿಗಣಿಯಲ್ಲೂ ಟೊಯೋಟಾ ಇಂಡಸ್ಟ್ರೀಸ್ ಮುಂದೆ ಡೀಸೆಲ್ ಎಂಜಿನ್ ಮಾಡತೊಡಗಿತು.

ಲೇತಿನ ತಲೆಯನ್ನು ಬಿಚ್ಚಿ ನೋಡಿದವರಿಗೆ ಗೊತ್ತು, ಅದರೊಳಗೆ ಇರುವುದೂ ಒಂದು ಗೇರ್‌ಬಾಕ್ಸೇ. ಒಂದು ಮೋಟಾರಿನ ಒಂದೇ ವೇಗವನ್ನು ಹಲವು ವೇಗಗಳನ್ನಾಗಿ ಹಂಚುವ ಹಲ್ಲುಗಾಲಿಗಳ ಸಂಸಾರ. ಹರಿಹರದ ಕೈಗಳಿಗೆ ಈ ವಿದ್ಯೆ ಅರವತ್ತು ವರ್ಷದಿಂದ ಗೊತ್ತಿತ್ತು. ಹಾಗಿದ್ದ ಮೇಲೆ ಗೇರ್‌ಬಾಕ್ಸ್ ಕಾರ್ಖಾನೆ ಹರಿಹರದಲ್ಲೇಕೆ ಆಗಲಿಲ್ಲ?

ಹರಿಹರದ ಹಿರಿಯರೊಂದಿಗೆ ಮಾತಾಡುವಾಗ ಈ ಪ್ರಶ್ನೆ ಬೇರೆ ಬೇರೆ ಸ್ವರದಲ್ಲಿ ಕೇಳಿಬರುತ್ತದೆ. ಕೆಲವರದು ಸಿಟ್ಟು, ಕೆಲವರದು ಬರೀ ಬೇಸರ. ನನಗೂ ಆ ಊರಿನ ಪರ ಮಾತಾಡಬೇಕೆನಿಸುತ್ತದೆ, ಆದರೆ ಲೆಕ್ಕ ಒಪ್ಪುವುದಿಲ್ಲ. ಟೊಯೋಟಾದ ಪದ್ಧತಿಯಲ್ಲಿ ದಾಸ್ತಾನು ಎಂದರೆ ದೋಷ. ಆ್ಯಕ್ಸಲ್ ಬೇಕಾದ ಹೊತ್ತಿಗೆ, ಬೇಕಾದಷ್ಟೇ, ಜೋಡಣೆಯ ಸಾಲಿನ ಬಳಿ ಬಂದು ನಿಲ್ಲಬೇಕು. ಗಂಟೆಗಳ ಲೆಕ್ಕದಲ್ಲಿ ನಡೆಯುವ ಈ ವ್ಯವಹಾರಕ್ಕೆ 275 ಕಿಲೋಮೀಟರ್ ಬಲು ದೂರ. ಹೊರದೇಶಕ್ಕೆ ಹೋಗುವ ಮಾಲಿಗೆ ಚೆನ್ನೈ ಬಂದರು ಬೇಕು, ಅದೂ ಬಿಡದಿಗೇ ಹತ್ತಿರ. 1941ರಲ್ಲಿ ಹರಿಹರವನ್ನು ಆರಿಸಿಕೊಟ್ಟ ಹೊಳೆ, ಗಡಿ, ಹಳಿ ಯಾವುದೂ 2002ರಲ್ಲಿ ಲೆಕ್ಕಕ್ಕೆ ಬರಲಿಲ್ಲ. 1956ರಲ್ಲೇ ಆ ಗಡಿ ಅಳಿಸಿಹೋಗಿತ್ತು. ಕನ್ನಡಿಗರು ಸಂಭ್ರಮಿಸಿದ ಏಕೀಕರಣದಿಂದ ಹರಿಹರ ಸಂಸ್ಥಾನದ ಹೆಬ್ಬಾಗಿಲಾಗಿ ಉಳಿಯದೆ ರಾಜ್ಯದ ನಡುವಿನ ಒಂದು ಊರಾಯಿತು ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಆದರೆ ಒಂದು ದೂರು ನನ್ನದೂ ಇದೆ. ಕಾರ್ಖಾನೆಯನ್ನು ಸಾಗಿಸಲಾಗದು ಸರಿ, ಕೈಗಳನ್ನು? ಹಾಸು ಕೆರೆದು ಮಟ್ಟ ಮಾಡುತ್ತಿದ್ದ ಆ ಜನರ ವಿದ್ಯೆಯನ್ನು ಯಾರೂ ದಾಖಲೆ ಮಾಡಿಕೊಳ್ಳಲಿಲ್ಲ, ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆ ವಿಭಾಗಗಳಂತೂ ಈ ಕಡೆ ತಿರುಗಿದ್ದು ಕಾಣೆ. ಶಾಸನ ಓದಲು ಹರಿಹರಕ್ಕೆ ಬರುವ ವಿದ್ಯಾರ್ಥಿಗಳು ಯಂತ್ರಾಪುರದ ನಿವೃತ್ತ ಫಿಟ್ಟರ್ ಒಬ್ಬರ ಮನೆಯಲ್ಲೂ ಒಂದು ಗಂಟೆ ಕೂತರೆ ಬೇಕಾದಷ್ಟು ಸಿಕ್ಕೀತು. ಆ ವಯಸ್ಸಿನವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಹರಿಹರದ ಕೈಗಾರಿಕಾ ವಸಾಹತಿನಲ್ಲಿ ಎರಕದ, ಮಷಿನಿಂಗಿನ ಸಣ್ಣ ಘಟಕಗಳು ಇಂದಿಗೂ ನಡೆಯುತ್ತಿವೆ. ದೊಡ್ಡ ಮರ ಬಿದ್ದರೂ ಬೇರಿನ ಅಕ್ಕಪಕ್ಕ ಚಿಗುರುವ ಗಿಡಗಳಂತೆ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಒಳಗೆ ಹೋಗಿ ನೋಡಿದರೆ ಹೋಲಿಕೆಗಿಂತ ಹೆಚ್ಚಾಗಿ ಕಾಣುವುದು ಕರೆಂಟ್ ಬಿಲ್ಲಿನ, ಹುಡುಗರು ಕೆಲಸಕ್ಕೆ ನಿಲ್ಲದಿರುವ ಚಿಂತೆ. ಕಲಿತವರು ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲಿ ಕೆಲವರು ಬಿಡದಿಗೂ ಹೋಗಿದ್ದಾರು.

ಅಂದು ಲೇತ್ ಶಾಪಿನಲ್ಲಿ ಬುಶ್ ತಯಾರಾಗಲು ಮುಕ್ಕಾಲು ಗಂಟೆ ಹಿಡಿಯಿತು. ಕಾಯುತ್ತ ಕೂತಿದ್ದಾಗ ನಾನು, ಕಂಪನಿಯೇ ಇಲ್ಲವಲ್ಲ, ಈ ಲೇತಿನ ಪಾರ್ಟ್ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಬುಶ್ಶು, ಪಿನ್ನು, ಸ್ಕ್ರೂ ಆದರೆ ಇದರಲ್ಲೇ ತಿರುವಿಕೊಳ್ಳುತ್ತಾರಂತೆ. ಗೇರ್ ಹೋದರೆ ಅದರ ಬಿಲ್ಲೆಯನ್ನು ಇದರಲ್ಲಿ ತಿರುವಿ, ಹಲ್ಲು ಕೊರೆಸಲು ಮಿಲ್ಲಿಂಗ್ ಮಷಿನ್ ಇರುವ ಶಾಪಿಗೆ ಕಳಿಸುತ್ತಾರೆ. ಆ ಶಾಪ್ ಎಲ್ಲಿದೆ ಎಂದೆ. ಹರಿಹರದಲ್ಲಿ ಎಂದರು.